ಆಕಿ ಬದಲಿ ನಾ ಕೊಟ್ಟ ಉತ್ತರ

ನನ್ನ ಸೊಸಿ ಮೈಗಳ್ಳಿ ಆಗಿರಲಿಲ್ಲ. ಹೆರಿಗ್ಯಾಗ ಮೈಯಾಗಿನ ರಕ್ತ ಹರಿದುಹೋಗಿ, ತಲಿಯೊಳಗಿನ ಕಡಲಿಕಾಳಿನಷ್ಟು ಒಂದು ಗ್ರಂಥಿ ಸತ್ತುಹೋಗಿತ್ತು. ಅದು ಸತ್ತದ್ದು ಏಳು ವರ್ಷ ಯಾರಿಗೂ ತಿಳೀಲಿಲ್ಲ. ಡಾಕ್ಟರಗೋಳು ಕೇಳಲಿಲ್ಲ. ಕೇಳಿದ ಒಬ್ಬಾಂವಗ ನಾ ತಪ್ಪು ಉತ್ತರ ಕೊಟ್ಟೆ. ಆದದ್ದು ಇಷ್ಟು. ಇದರಾಗ ದೈವ, ದೃಷ್ಟಿ, ಹಣೆಬರಹ ಅಂತ ಯಾರರೆ ಹೇಳಿದರ ನಾ ಒಪ್ಪಂಗಿಲ್ಲ.

ನಾ ಕನ್ನಡ ಸಾಲಿ ನಾಕನೇತ್ತ ತನಕ ಕಲಿತಾಕಿ. ತವರು ಆಳಂದದ ಕಡಿ. ಈ ಕಡಿ ಕೊಟ್ಟ ಮ್ಯಾಲ ಹೊರಗ ಮರಾಠಿ, ಮನ್ಯಾಗ ಕನ್ನಡ, ಬರಿಯೋದು ಅಂದರ ಬರೇ ಸಹಿ. ಆದರ ಇದನ್ನ ಬಾಯಿಲೆ ಹೇಳ್ಲಾಕ ಹೋದರ ನಡುವ ಯಾರರೆ ಸಮಾಧಾನ ಮಾಡ್ಲಾಕ ಬರತಾರ. ಅದು ನನಗ ಬ್ಯಾಡ. ಅದಕ್ಕ ಬರೀಲಾಕತ್ತೀನಿ.

ನಾವು ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ದಾಳಿಂಬದವರು. ಎಂಟು ಎಕರೆ ಹೊಲ, ಜೋಳ, ತೊಗರಿ, ಸೋಯಾಬೀನು. ಮನ್ಯಾಗ ನಾ, ನನ್ನ ಮಗ, ಸೊಸಿ, ಒಬ್ಬಾಕಿ ಮೊಮ್ಮಗಳು. ನಮ್ಮವರು ಸೊಸಿ ಬರೂಕಿಂತ ಮೊದಲೇ ಹೋದರು. ಸೊಸಿ ನಿಲಂಗಾದ ಅರಿವಿ ಅಂಗಡಿ ಮನೆತನದಾಕಿ. ನೆರಳಾಗ ಬೆಳೆದ ಹುಡುಗಿ ಹೊಲದಾಗ ಏನು ಮಾಡ್ಯಾಳು ಅಂತ ಅಂದುಕೊಂಡಿದ್ದೆ. ಬಂದ ಮೊದಲನೇ ವರ್ಷವೇ ಸೋಯಾಬೀನ್ ಕೊಯ್ಲಿನಾಗ ಕೂಲಿ ಹೆಣ್ಣುಮಕ್ಕಳನ್ನ ಹಿಂದ ಹಾಕಿ ಸಾಲು ಹಿಡಿದು ಹೋದಳು. ಸಂಜಿಗೆ ಮನಿಗೆ ಬಂದು ಮತ್ತ ಇಪ್ಪತ್ತು ರೊಟ್ಟಿ ಬಡದಳು. ಅದನ್ನ ನಾ ಕಣ್ಣಾರೆ ಕಂಡೀನಿ. ಮುಂದ ಏಳು ವರ್ಷ ಆ ವರ್ಷವನ್ನೇ ಆಕಿ ಮ್ಯಾಲ ಸಾಕ್ಷಿ ಮಾಡಿ ಹೇಳಿದೆ. ಆಗ ಆಗತಿತ್ತು, ಈಗ ಯಾಕ ಆಗಂಗಿಲ್ಲ? ಮನಸಿಲ್ಲ, ಅಷ್ಟೇ. ಇದು ನನ್ನ ವಾದ.

ಮೊದಲನೇ ಹೆರಿಗಿ ತವರಾಗ ಆಗಬೇಕು, ಅದು ನಮ್ಮ ರೂಢಿ. ಏಳನೇ ತಿಂಗಳಾಗ ಕುಬಸ ಮಾಡಿ, ಹಸಿರು ಸೀರಿ ಉಡಿಸಿ, ಬಳಿ ಇಡಿಸಿ ನಿಲಂಗಾಕ್ಕ ಕಳಿಸಿದೆವು. ದಿನ ತುಂಬಿದ ಮ್ಯಾಲ ಫೋನ್ ಬಂತು, ಹೆಣ್ಣು ಹುಟ್ಯಾದ, ತಾಯಿ ಮಗು ಇಬ್ಬರೂ ಆರಾಮ್ ಅದಾರ ಅಂತ. ತೊಟ್ಟಿಲದ ದಿನ ನಾ ಹೋದಾಗ ಸೊಸಿ ಸುಣ್ಣ ಬಳಿದ ಗ್ವಾಡಿಯಂಗ ಬಿಳಿಚಿಕೊಂಡಿದ್ದಳು. ಯಾಕ ಹಿಂಗ ಆಗ್ಯಾಳ ಅಂತ ಬೀಗತಿಗೆ ಕೇಳಿದೆ. ಜರಾ ರಕ್ತ ಹೋಯ್ತು, ಬಾಣಂತಿಗೆ ಅದು ಇರೋದೇ, ಅಂದಳು. ಜರಾ ಅಂದಳು. ನಾ ತಲಿ ಆಡಿಸಿ, ಹೋಳಿಗಿ ಉಂಡು, ಬಸ್ಸು ಹತ್ತಿ ಬಂದೆ.

ಐದು ತಿಂಗಳಿಗೆ ಕೂಸು ಕಟ್ಟಿಕೊಂಡು ಸೊಸಿ ದಾಳಿಂಬಕ್ಕ ಬಂದಳು. ಕೂಸಿನ ಬಾಯಾಗ ಬಾಟ್ಲಿ ಇತ್ತು. ಎದಿಹಾಲು ಯಾಕ ಇಲ್ಲ ಅಂದರ, ಜ್ವರ ಬಂದು ಬತ್ತಿದವು ಅಂದರು. ಬತ್ತೋದು ಬ್ಯಾರೆ, ಬರದೇ ಇರೋದು ಬ್ಯಾರೆ. ನಾಕು ಹಡೆದ ನನಗ ಆ ಫರಕ ಗೊತ್ತಿತ್ತು. ನಾ ಬಾಜು ಮನಿಯಿಂದ ಆಕಳ ಹಾಲು ಹಚ್ಚಿಕೊಂಡೆ, ಎರಡು ದಿನ ಗೊಣಗಿದೆ, ಮತ್ತ ಕೇಳಲಿಲ್ಲ.

ಆಮ್ಯಾಲ ಶುರು ಆಯ್ತು. ಮುಂಜಾನಿ ಏಳತಿದ್ದಳು, ಅರ್ಧ ಅಂಗಳ ಕಸಾ ಹೊಡೀತಿದ್ದಳು, ಕಸಬರಿಗಿ ಕೈಯಾಗ ಹಿಡಕೊಂಡೇ ಕಟ್ಟಿ ಮ್ಯಾಲ ಕೂಡತಿದ್ದಳು. ಜಳಕ ಮಾಡಿದರ ಅರ್ಧ ತಾಸು ಮಲಗಬೇಕು. ತಲಿ ಬಾಚಿಕೊಂಡರ ಕೈ ಸೋತು ಕೆಳಗ ಬೀಳತಿದ್ದವು. ಮೇ ತಿಂಗಳ ಬಿಸಲಾಗ ನಾವೆಲ್ಲ ಬೆವತು ಒದ್ದಿ ಆಗಿದ್ದರ ಈಕಿ ಶಾಲು ಹೊತ್ತು ಕೂಡತಿದ್ದಳು. ಮಾತು ನಿಧಾನ ಆಯ್ತು, ಕೇಳಿದ್ದಕ್ಕ ಉತ್ತರ ಬರೂದ್ರಾಗ ನಾ ಬ್ಯಾರೆ ಮಾತಿಗಿ ಹೋಗಿರತಿದ್ದೆ. ಬ್ಯಾಸಗಿಯಾಗ ಓಣಿ ಹೆಣ್ಣುಮಕ್ಕಳು ಒಬ್ಬರ ಮನ್ಯಾಗ ಒಂದು ದಿನ ಕೂಡಿ ಹಪ್ಪಳ ಮಾಡತೀವಿ. ನಮ್ಮ ಮನಿ ಪಾಳಿ ಬಂದ ದಿನ ಸೊಸಿ ಲಟ್ಟಣಿಗಿ ಹಿಡಕೊಂಡು ಕೂತಲ್ಲೇ ಕಣ್ಣು ಮುಚ್ಚಿದಳು. ಬಾಜು ಮನಿಯಾಕಿ, "ಹಪ್ಪಳಕ್ಕಿಂತ ಮೊದಲ ಸೊಸಿನೇ ಒಣಗ್ಲಾಕ ಹಾಕ್ರಿ" ಅಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರು ನಾ ನಕ್ಕೆ.

ಗಿರಣಿ ನಮ್ಮ ಮನಿಯಿಂದ ಎಷ್ಟೂ ದೂರ ಇಲ್ಲ. ಜೋಳದ ಡಬ್ಬಿ ತಲಿ ಮ್ಯಾಲ ಇಟ್ಟುಕೊಂಡು ಹೋಗೋವಾಗ ಆಕಿ ಎರಡು ಕಡಿ ಇಳಿಸಿ ಕೂಡತಿದ್ದಳು, ಒಮ್ಮಿ ಸಾಲಿ ಕಂಪೌಂಡಿಗೆ, ಒಮ್ಮಿ ಬೇವಿನ ಗಿಡದ ಬುಡಕ್ಕ. ಒಂದು ದಿನ ಗಿರಣ್ಯಾಗ ಹೆಣ್ಣುಮಕ್ಕಳು, ಸೊಸಿ ಎಲ್ಲಿ ಅಂತ ಕೇಳಿದಾಗ ನಾ, "ಮಂಚದ ಗೌಡತಿ ಮಂಚದ ಮ್ಯಾಲ ಅದಾಳ" ಅಂದೆ. ಸಂಜಿ ಆಗೂದ್ರಾಗ ಊರ ತುಂಬ ಅದೇ ಹೆಸರು ಆಯ್ತು. ಸಣ್ಣ ಹುಡುಗರೂ ಅನ್ಲಾಕತ್ತರು. ನನ್ನ ಮೊಮ್ಮಗಳು ಸಾಲಿಯಿಂದ ಬಂದು ಗೌಡತಿ ಅಂದರ ಏನು ಅಂತ ಒಮ್ಮಿ ಕೇಳಿತ್ತು. ಸೊಸಿ ಅಲ್ಲೇ ಇದ್ದಳು.

ದವಾಖಾನಿ ತೋರಿಸಲಿಲ್ಲ ಅಂತಲ್ಲ. ತೋರಿಸಿದೆವು. ಮೊದಲು ಹೈವೇ ಮ್ಯಾಗಿನ ತುರೋರಿಯಾಗ. ಆ ಡಾಕ್ಟರ ನಾಡಿ ಹಿಡಿದು ಅಶಕ್ತಿ ಅಂದ, ಸಲೈನ್ ಹಚ್ಚಿದ. ಸಲೈನ್ ಹಚ್ಚಿದ ಮ್ಯಾಲ ಸೊಸಿ ಎರಡು ದಿನ ಎದ್ದು ಓಡಾಡಿದಳು, ಮೂರನೇ ದಿನ ಮತ್ತ ಹಾಸಿಗಿ. ಹಿಂಗ ನಾಕೈದು ಸಲ ಆಯ್ತು. ಆಮ್ಯಾಲ ಆ ಡಾಕ್ಟರ ನನ್ನ ಮಗನಿಗೆ ಹೊರಗ ಕರದು, ಇದು ಔಷಧಿ ಇಲ್ಲದ ಜಡ್ಡು, ಬಾಟ್ಲಿಯಾಗ ನಳದ ನೀರು ಹಾಕಿ ಹಚ್ಚಿದರೂ ಈಕಿ ಏಳತಾಳ ಅಂದನಂತ. ಮಗ ಬಂದು ನನಗ ಹೇಳಿದ. ನಾ ಅದನ್ನ ಗಿರಣ್ಯಾಗ ಹೇಳಿದೆ.

ಲೋಹಾರಾದಾಗ ಇನ್ನೊಬ್ಬ ಡಾಕ್ಟರ ಮುಖಾ ಸೈತ ನೋಡಲಿಲ್ಲ. ಮನ್ಯಾಗ ಟೆನ್ಶನ್ ಅದೇನು ಅಂತ ಕೇಳಿದ, ಸೊಸಿ ಸುಮ್ಮನ ಕೂತಳು, ಸುಮ್ಮನ ಕೂತದ್ದೇ ಟೆನ್ಶನ್ ಅಂತ ಬರಕೊಂಡ. ಅಂವ ಕೊಟ್ಟ ಗುಳಿಗಿ ತಗೊಂಡರ ಆಕಿ ಮಧ್ಯಾಹ್ನದ ಮಟ ಏಳತಿರಲಿಲ್ಲ. ಅದನ್ನ ನಾನೇ ಬಿಡಿಸಿದೆ. ನಾ ಮಾಡಿದ ಒಂದು ಚೊಲೋ ಕೆಲಸ ಅಂದರ ಅದೇ.

ಉಮರ್ಗಾದಾಗ ದೊಡ್ಡ ದವಾಖಾನಿ. ಅಲ್ಲಿ ರಕ್ತ ತೆಗೆದು ಥೈರಾಯ್ಡ್ ತಪಾಸಣಿ ಮಾಡಿಸಿದರು. ಕಾಗದ ಬಂತು, ನಾರ್ಮಲ್. ಡಾಕ್ಟರ ನನ್ನ ಮಗನ ವಯಸ್ಸಿನಾಂವ. ಹೊರಗ ಐವತ್ತು ಮಂದಿ ಕೂತಿದ್ದರು. ತಲಿ ತಗ್ಗಿಸಿ ಬರೀಕೋತನೇ ಮರಾಠಿಯಾಗ ಕೇಳಿದ, "ಪಾಳಿ ಬರೋಬರ್ ಯೇತೆ ಕಾ?" ತಿಂಗಳದ್ದು ಸರಿಯಾಗಿ ಆಗತದೇನು ಅಂತ.

"ಹೋ, ಬರೋಬರ್" ಅಂದೆ ನಾ.

ಸೊಸಿ ನನ್ನ ಮುಖಾ ನೋಡಿದಳು. ಆಮ್ಯಾಲ ಮೂಲ್ಯಾಗ ಇದ್ದ ತೂಕದ ಮಶೀನ್ ನೋಡಿದಳು. ಡಾಕ್ಟರ ಬರದ. ಮುಂದ ಯಾವ ಡಾಕ್ಟರ ಕಡಿ ಹೋದರೂ ಆ ಕಾಗದ ಮ್ಯಾಲೇ ಇರತಿತ್ತು. ಒಮ್ಮಿ ಬರದದ್ದನ್ನ ಯಾರೂ ಮತ್ತ ಕೇಳಲಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಾವು ಲಿಂಗ ಕಟ್ಟಿಕೊಂಡವರು. ಹೆಣ್ಣಾಗಲಿ ಗಂಡಾಗಲಿ, ಕೊರಳಾಗ ಲಿಂಗ ಇದ್ದವರಿಗೆ ಮುಟ್ಟು ಮೈಲಿಗಿ ಇಲ್ಲ ಅಂತ ನಮ್ಮ ಹಿರಿಯರು ಹೇಳ್ಯಾರ. ನಮ್ಮ ಮನ್ಯಾಗ ಯಾರೂ ತಿಂಗಳಿಗೆ ಮೂರು ದಿನ ಕಡೀಗಿ ಕೂಡಂಗಿಲ್ಲ. ಎಲ್ಲಾ ದಿನವೂ ಜಳಕ ಮಾಡಿ, ವಿಭೂತಿ ಹಚ್ಚಿ, ಅಂಗೈಯಾಗ ಲಿಂಗ ಹಿಡಿದು ಪೂಜಿ ಮಾಡತೀವಿ, ಒಲಿ ಮುಂದ ಕೂಡತೀವಿ. ಬಾಜು ಮನಿಯವರದು ಬ್ಯಾರೆ ಪದ್ಧತಿ. ಅವರ ಸೊಸಿ ಪಡಸಾಲ್ಯಾಗ ಬ್ಯಾರೆ ಚಾಪಿ ಹಾಕಿಕೊಂಡು ಕೂತಳಂದರ ಓಣಿಗೆಲ್ಲ ಗೊತ್ತು. ಎರಡು ತಿಂಗಳು ಕೂಡಲಿಲ್ಲಂದರ ಅದೂ ಗೊತ್ತು, ಪೇಢೆ ಯಾವಾಗ ಅಂತ ಕೇಳ್ತಾರ. ನಾ ಅವರಿಗೆ ನಗತಿದ್ದೆ. ನೀವು ಇನ್ನೂ ಅದರಾಗೇ ಅದೀರಿ ಅಂತಿದ್ದೆ.

ಈಗಲೂ ನಾ ಅವರ ಪದ್ಧತಿ ಚೊಲೋ ಅಂಬಂಗಿಲ್ಲ. ಒಂದು ಹೆಣ್ಣಿಗೆ ಮೂಲ್ಯಾಗ ಕೂಡಸೋದು ಚೊಲೋ ಅಲ್ಲ. ಆದರ ನಮ್ಮ ಮನ್ಯಾಗ ಕೂಡಸೋದು ಬಿಟ್ಟ ಹಂಗ ಕೇಳೋದೂ ಬಿಟ್ಟಿದ್ದೆವು. ಏಳು ವರ್ಷ ಒಂದೇ ಒಲಿ ಮುಂದ ಕೂತರೂ ಸೊಸಿಗೆ ತಿಂಗಳದ್ದು ಆಗತದೋ ಇಲ್ಲೋ ನನಗ ಗೊತ್ತಿರಲಿಲ್ಲ. ಡಾಕ್ಟರಗ ನಾ ಬೇಕಂತ ಸುಳ್ಳು ಹೇಳಲಿಲ್ಲ. ಗಂಡಸಿನ ಮುಂದ ಆ ಮಾತು ಲಗೂನ ಮುಗೀಲಿ ಅಂತ ಹೇಳಿದೆ. ಎಲ್ಲಾ ಹೆಣ್ಣುಮಕ್ಕಳಿಗೆ ಆಗತದ, ಈಕಿಗೂ ಆಗತಿರಬೇಕು ಅಂತ ಹೇಳಿದೆ.

ಎರಡನೇ ಕೂಸು ಯಾಕ ಆಗಲಿಲ್ಲ ಅಂತ ವಿಚಾರ ಮಾಡಿದ್ದೆ. ಮಾಡಿ, ಹೆರಿಗಿ ಹೊತ್ತಿಗೆ ನಿಲಂಗಾದಾಗ ಬೀಗತಿ ಚೋರಿಲೆ ಆಪರೇಶನ್ ಮಾಡಿಸ್ಯಾಳ ಅಂತ ತೀರ್ಮಾನ ಮಾಡಿಕೊಂಡಿದ್ದೆ. ಫೋನಿನಾಗ ಅದನ್ನೇ ಅಂದೆ. ಬೀಗತಿ ಅತ್ತಳು, ಬೈದಳು, ಫೋನ್ ಇಟ್ಟಳು. ಎರಡು ವರ್ಷ ನಮ್ಮ ನಡುವ ಮಾತು ಇರಲಿಲ್ಲ.

ಹೋದ ವರ್ಷ ಸೋಯಾಬೀನ್ ರಾಶಿ ಹೊತ್ತಿಗೆ ಸೊಸಿಗೆ ಜ್ವರ ಬಂತು. ಊರಾಗ ಎಲ್ಲರಿಗೂ ಬಂದಿತ್ತು, ಎಲ್ಲರೂ ಎದ್ದರು. ಈಕಿ ಬಚ್ಚಲದಾಗ ಬಿದ್ದಳು, ಬಾಯಿಂದ ಮಾತು ಹೊರಡಲಿಲ್ಲ. ತುರೋರಿಗೆ ಒಯ್ದು ಸಲೈನ್ ಹಚ್ಚಿಸಿದೆವು. ಎರಡು ದಿನಕ್ಕ ಎದ್ದು ಕೂತಳು. ರಾಶಿ ಮಾಡೋ ಮಶೀನ್ ಹೊಲದಾಗ ನಿಂತಿತ್ತು, ಮುಗಿಲಾಗ ಮೋಡ ಇತ್ತು, ನನಗ ಸಿಟ್ಟು ತಲಿಗೇರಿತು. ಮಗನಿಗೆ ಹೇಳಿದೆ, ಸಾಕು, ಈಕಿಗಿ ನಿಲಂಗಾದಾಗ ಬಿಟ್ಟು ಬಾ. ಕೂಸು ಇಲ್ಲೇ ಇರಲಿ, ಸಾಲಿ ಅದ. ಮುಂದಿಂದು ಮುಂದ ನೋಡಮು. ಮುಂದಿಂದು ಅಂದರ ಏನು ಅಂತ ಮಗನಿಗೂ ಗೊತ್ತಿತ್ತು, ಬಾಗಿಲ ಹಿಂದ ನಿಂತಾಕಿಗೂ ಗೊತ್ತಿತ್ತು. ಮಗ ಬ್ಯಾಡ ಅನ್ನಲಿಲ್ಲ.

ಸೊಸಿ ಒಂದೇ ಒಂದು ಮಾತು ಕೇಳಿದಳು, "ಕೂಸಿಗಿ ರವಿವಾರಕ್ಕರೆ ಕಳಿಸ್ತೀರೇನು?" ನಾ ನೋಡಮು ಅಂದೆ. ಆಕಿ ಚೀಲದಾಗ ನಾಕು ಸೀರಿ ಇಟ್ಟುಕೊಂಡಳು.

ಬೀಗತಿಗೆ ಹೇಳಿ ಕಳಿಸಿದೆವು. ಆಕಿ ಫೋನ್ ಮಾಡಿ, ಬಿಟ್ಟು ಹೋಗ್ರಿ, ನನ್ನ ಮಗಳು ನನಗ ವಜ್ಜಿ ಅಲ್ಲ, ಆದರ ಬಿಡೂದ್ರ ಮೊದಲ ಒಮ್ಮಿ ಉದಗೀರಕ್ಕ ಹೋಗಮು, ಅಲ್ಲೊಬ್ಬಾಕಿ ಡಾಕ್ಟರ್ ಬಾಯಿ ಅದಾಳಂತ, ಅಂದಳು. ನಾನೂ ಬರತೀನಿ ಅಂದೆ. ಪ್ರೀತಿಗಲ್ಲ. ತಾಯಿ ಮಗಳು ಕೂಡಿ ಎಲ್ಲಿ ಸುಳ್ಳು ಜಡ್ಡಿನ ಕಾಗದ ಬರಿಸಿಕೊಂಡು ಬರತಾರೋ ಅಂತ. ಡಾಕ್ಟರ್ ಬಾಯಿ ಏನೂ ಇಲ್ಲ ಅಂದಳಂದರ ಬರೋವಾಗ ನಿಲಂಗಾ ಸ್ಟ್ಯಾಂಡಿನಾಗ ಸೊಸಿಗಿ ಇಳಿಸಿ ಬರೋದು. ಅದಕ್ಕ ಚೀಲ ಸಂಗಾಟ ಒಯ್ದೆವು.

ನಿಲಂಗಾದಾಗ ಬೀಗತಿ ಬಸ್ಸು ಹತ್ತಿದಳು. ಮೂವರ ಸೀಟಿನಾಗ ನಡುವ ಸೊಸಿ, ಆ ಕಡಿ ಆಕಿ, ಈ ಕಡಿ ನಾ. ಉದಗೀರದ ಮಟ ಸೊಸಿ ತಲಿ ಒಮ್ಮಿ ಅತ್ತ ಒಮ್ಮಿ ಇತ್ತ ವಾಲತಿತ್ತು. ನನ್ನ ಹೆಗಲ ಮ್ಯಾಲ ಬಿದ್ದಾಗ ನಾ ಹೆಗಲ ಸರಸಿಕೊಂಡೆ.

ಡಾಕ್ಟರ್ ಬಾಯಿ ಐವತ್ತರ ಆಸುಪಾಸಿನಾಕಿ. ಸಣ್ಣ ಖೋಲಿ. ನಾ ಕಾಗದದ ಚೀಲ ಟೇಬಲ್ ಮ್ಯಾಲ ಸುರುವಿ, ಏಳು ವರ್ಷದ್ದು ಅದ ಡಾಕ್ಟರ್ ಬಾಯಿ, ಎಲ್ಲಾ ನಾರ್ಮಲ್ ಅದ, ಈಕಿಗಿ ಏನೂ ಆಗಿಲ್ಲ ಅಂತ ಒಂದು ಬರದು ಕೊಡ್ರಿ ಅಂದೆ. ಆಕಿ ಕಾಗದ ಮುಟ್ಟಲಿಲ್ಲ. ಸೊಸಿ ಕೈ ಹಿಡಿದು ನೋಡಿದಳು, ಅಂಗೈ ತಿರುವಿದಳು, ಹುಬ್ಬು ನೋಡಿದಳು. ಹುಬ್ಬಿನ ಹೊರಗಿನ ಕೂದಲು ಉದುರಿ ಅರ್ಧ ಉಳದಿತ್ತು. ದಿನಾ ನೋಡೋ ಮುಖದಾಗ ಅದು ನನಗ ಕಂಡಿರಲಿಲ್ಲ. ಆಮ್ಯಾಲ ಸೊಸಿಗಿ ಕೇಳಿದಳು, ಪಾಳಿ ಬರೋಬರ್ ಆಗತದೇನು ಅಂತ.

"ಬರೋಬರ್" ಅಂದೆ ನಾ.

ಆಕಿ ನನ್ನ ಕಡಿ ತಿರುಗಿದಳು. "ಆಜೀ, ಪಾಳಿ ತುಮಚೀ ಕಾ ಹಿಚೀ?" ಅಜ್ಜಿ, ತಿಂಗಳದ್ದು ನಿಂದೋ ಈಕಿದೋ ಅಂತ. ಬಾಗಿಲದಾಗ ನಿಂತ ನರ್ಸ್ ನಕ್ಕಳು. ಡಾಕ್ಟರ್ ಬಾಯಿ ನಗಲಿಲ್ಲ. ಮತ್ತ ಸೊಸಿಗೇ ಕೇಳಿದಳು, ಈ ಸಲ ಹರಕು ಮುರುಕು ಕನ್ನಡದಾಗ.

ಸೊಸಿ ಡಾಕ್ಟರ್ ಬಾಯಿ ಮುಖಾ ನೋಡಿದಳು. "ಮಗಳು ಹುಟ್ಟಿದ ಮ್ಯಾಲ ಒಮ್ಮಿನೂ ಆಗಿಲ್ಲ" ಅಂದಳು.

ಡಾಕ್ಟರ್ ಬಾಯಿ ಎದಿಹಾಲು ಎಷ್ಟು ತಿಂಗಳು ಬಂದವು ಅಂತ ಕೇಳಿದಳು. ಒಂದು ಹನಿನೂ ಬರಲಿಲ್ಲ, ಅಂದಳು ಸೊಸಿ. ಸಲೈನ್ ಹಚ್ಚಿದರ ಹ್ಯಾಂಗ ಅನಸತದ? ಎರಡು ದಿನ ಜೀವ ಬಂದಂಗ ಆಗತದ. ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟು ಬೀಗತಿಗೆ ಕೇಳಿದಳು, ಹೆರಿಗ್ಯಾಗ ರಕ್ತ ಎಷ್ಟು ಹೋಯ್ತು. ಬೀಗತಿ ಸೆರಗಿನ ಚುಂಗು ಸುತ್ತಿಕೋತ ಕೂತಳು. ನನ್ನ ಕಡಿ ನೋಡಲಿಲ್ಲ.

"ನಾಕು ಬಾಟ್ಲಿ ರಕ್ತ ಏರಿಸಿದರು ರೀ. ಎರಡು ದಿನ ಎಚ್ಚರ ಇರಲಿಲ್ಲ" ಅಂದಳು.

ಹಿಂಗ ಅರ್ಧ ಮಾತು ಏಳು ವರ್ಷ ನಿಲಂಗಾದಾಗ ಬಿದ್ದಿತ್ತು, ಅರ್ಧ ದಾಳಿಂಬದಾಗ. ಎರಡೂ ಒಂದು ಟೇಬಲ್ ಮ್ಯಾಲ ಬರ್ಲಾಕ ಉದಗೀರಕ್ಕ ಹೋಗಬೇಕಾಯ್ತು.

ಡಾಕ್ಟರ್ ಬಾಯಿ ಪಡದೆ ಎಳದು ಸೊಸಿಗಿ ತಪಾಸ ಮಾಡಿದಳು, ರಕ್ತ ತೆಗೆದಳು, ಬಿಪಿ ನೋಡಿದಳು. ಇಷ್ಟು ಕಮ್ಮಿ ಬಿಪಿ ಇಟ್ಟುಕೊಂಡು ಬಸ್ಸಿನಾಗ ಕೂತು ಬಂದಾಳ ಅಂತ ನರ್ಸಿಗೆ ಹೇಳಿದಳು. ನನಗ ತಿಳಿಯೋ ಹಂಗ ಹೇಳ್ರಿ ಅಂದೆ. ನಿಮ್ಮ ಹೊಲದಾಗ ಮೋಟಾರ್ ಅದೇನು ಅಂತ ಕೇಳಿದಳು. ಅದ ಅಂದೆ. ಮೋಟಾರ್ ನಿಂತರ ಏನೇನು ನೋಡತೀರಿ? ಸ್ಟಾರ್ಟರ್ ನೋಡತೀವಿ, ಫ್ಯೂಜ್ ನೋಡತೀವಿ, ಡಿಪಿ ಟ್ರಾನ್ಸ್‌ಫಾರ್ಮರಿನಿಂದ ಕರೆಂಟ್ ಬರತದೋ ಇಲ್ಲೋ ನೋಡತೀವಿ. ಈಕಿದು ಡಿಪಿನೇ ಹೋಗ್ಯಾದ ಆಜಿ, ಅಂದಳು. ರಕ್ತ ಬಾಳ ಹೋದಾಗ ತಲಿಯೊಳಗಿನ ಗ್ರಂಥಿಗೆ ರಕ್ತ ಮುಟ್ಟಲಿಲ್ಲ, ಅದು ಸತ್ತದ. ಥೈರಾಯ್ಡಿಗೆ, ಹಾಲಿಗೆ, ತಿಂಗಳದ್ದಕ್ಕ, ಮೈಯಾಗಿನ ತಾಕತ್ತಿಗೆ ಎಲ್ಲಾದಕ್ಕೂ ಅಲ್ಲಿಂದಲೇ ಲೈನ್ ಹೋಗತದ. ಎಲ್ಲರೂ ಮೋಟಾರಿನ ಒಂದು ತಂತಿ ಮುಟ್ಟಿ ನೋಡಿ ಸರಿ ಅದ ಅಂದಾರ.

ಗುಣ ಆಗತದೇನು ಅಂದೆ. ಸತ್ತದ್ದು ಏಳಂಗಿಲ್ಲ, ಅಂದಳು. ಗುಳಿಗಿ ಕೊಡತೀನಿ, ಸಾಯೂ ತನಕ ತಗೋಬೇಕು, ಒಂದು ದಿನ ತಪ್ಪಂಗಿಲ್ಲ. ಜ್ವರ ಬಂದರ ದುಪ್ಪಟ್ಟು ತಗೋಬೇಕು. ಇನ್ನೊಂದು ಕೂಸಿನ ಆಸಿ ಇಟ್ಟುಕೋಬ್ಯಾಡ್ರಿ. ಮೊನ್ನಿನ ಜ್ವರದಾಗ ಈಕಿ ಹೋಗಬೇಕಾಗಿತ್ತು, ಆ ಸಲೈನಿಲೆ ಉಳದಾಳ. ಆಮ್ಯಾಲ ನನ್ನ ಕಾಗದದ ಚೀಲ ನನಗೇ ವಾಪಸ್ ಕೊಟ್ಟು, "ಮೊದಲನೇ ವರ್ಷವೇ ಒಂದು ಮಾತು ಕೇಳಿದ್ದರ ಇಷ್ಟು ಕಾಗದ ಬೇಕಾಗತಿದ್ದಿಲ್ಲ" ಅಂದಳು. ಡಾಕ್ಟರಗೋಳಿಗೆ ಅಂದಳೋ ನನಗ ಅಂದಳೋ ಗೊತ್ತಿಲ್ಲ. ನಾ ಕೇಳಲಿಲ್ಲ.

ಮಧ್ಯಾಹ್ನದ ಮಟ ಸೊಸಿಗೆ ಸೂಜಿ ಮಾಡಿ ಸಲೈನ್ ಹಚ್ಚಿ ಮಲಗಿಸಿದ್ದರು. ಹೊರಗಿನ ಬೆಂಚಿನ ಮ್ಯಾಲ ಬೀಗತಿ, ನಾ ಇಬ್ಬರೇ. ಮನಿಯಿಂದ ತಂದ ರೊಟ್ಟಿ ಬಿಚ್ಚಿದೆ, ಇಬ್ಬರೂ ಮುಟ್ಟಲಿಲ್ಲ.

"ನಾಕು ಬಾಟ್ಲಿ ಅಂತ ಯಾಕ ಹೇಳಲಿಲ್ಲ?" ಅಂದೆ.

"ಹೇಳಿದ್ದರ ನೀವು ಆಕಿಗಿ ಇಟ್ಟುಕೋತಿದ್ದಿರೇನು?"

ಹೌದು ಅನ್ನಬೇಕಂತ ಬಾಯಿ ತೆಗೆದೆ. ಖರೆ ಅಲ್ಲದ್ದನ್ನ ಅಂದು ಏನು ಮಾಡೋದು. "ಇಲ್ಲ, ಇಟ್ಟುಕೋತಿದ್ದಿಲ್ಲ" ಅಂದೆ. ಆಕಿ ತಲಿ ಆಡಿಸಿದಳು. ತಿಂಗಳದ್ದು ಆಗವಲ್ಲದು ಅಂತ ಮಗಳು ಒಂದು ವರ್ಷ ಆದ ಮ್ಯಾಲ ಹೇಳಿದ್ದಳಂತ. ಅತ್ತಿ ಮುಂದ ಹೇಳಬ್ಯಾಡ, ಮಗನಿಗೆ ಇನ್ನೊಂದು ಮದುವಿ ಮಾಡತಾಳ, ತಾನೇ ಸರಿ ಹೋಗತದ ಅಂತ ಬೀಗತಿನೇ ಮಗಳ ಬಾಯಿ ಕಟ್ಟಿಸಿದ್ದಳಂತ. ಬೀಗತಿಗಿ ಬೈಲಾಕ ನನಗ ಬಾಯಿ ಬರಲಿಲ್ಲ. ಈಕಿ ಹೆದರಿದ್ದು ಇಲ್ಲದ್ದಕ್ಕಲ್ಲ. ನಿಲಂಗಾದಾಗ ಇಳಿಸ್ಲಾಕ ತಂದ ಸೀರಿ ಚೀಲ ನನ್ನ ಕಾಲಾಗೇ ಇತ್ತು.

ಬರೋವಾಗ ಬಸ್ಸು ನಿಲಂಗಾ ಸ್ಟ್ಯಾಂಡಿನಾಗ ನಿಂತಿತು. ಬೀಗತಿ ಎದ್ದು ಮಗಳ ಚೀಲಕ್ಕ ಕೈ ಹಾಕಿದಳು. ನಡಿ, ಎಂಟು ದಿನ ನನ್ನ ಕಡಿ ಇರು ಅಂದಳು. ನಾ ಇರು ಅನ್ನಲಿಲ್ಲ, ಬಾ ಅನ್ನಲಿಲ್ಲ. ಎರಡೂ ಅನ್ನೋ ಅಧಿಕಾರ ನನಗ ಉಳದಿರಲಿಲ್ಲ. ಸೊಸಿ ತಾಯಿ ಕೈಯಿಂದ ಚೀಲ ಬಿಡಿಸಿಕೊಂಡಳು. "ಕೂಸು ದಾಳಿಂಬದಾಗ ಅದ" ಅಂದಳು. ಅಷ್ಟೇ. ನನ್ನ ಸಲುವಾಗಿ ಬರಲಿಲ್ಲ, ಗಂಡನ ಸಲುವಾಗಿನೂ ಬರಲಿಲ್ಲ.

ಉಮರ್ಗಾ ಬಸ್ಸು ಹಿಡಿದೆವು. ಬಿಸಲು ಇನ್ನೂ ಇತ್ತು. ಕಿಟಕಿ ಕಡಿ ಆಕಿ ಕಣ್ಣು ಮುಚ್ಚಿ ಕೂತಳು. ನಾ ಮಲಗ್ಯಾಳ ಅಂತ ತಿಳಕೊಂಡೆ. ಆ ಹೊತ್ತಿಗೆ ಕಣ್ಣು ತೆರೀದೇ ಅಂದಳು.

"ಅತ್ತಿ, ಏಳು ವರ್ಷ ನಾ ನಿದ್ದಿ ಮಾಡತಿರಲಿಲ್ಲ. ಕಣ್ಣು ತೆರೀಲಾಕ ಆಗತಿರಲಿಲ್ಲ. ನೀವು ಅಂದದ್ದು ಎಲ್ಲಾ ಕೇಳತಿತ್ತು."

ನಾ ಉಮರ್ಗಾದ ಮಟ ಮುಂದಿನ ಸೀಟಿನ ಕಬ್ಬಿಣ ಹಿಡಿದು ಕೂತೆ. ಉಮರ್ಗಾದಿಂದ ಶೇರಿಂಗ್ ಆಟೋದಾಗ ಊರಿಗೆ ಬಂದೆವು. ಮೊಮ್ಮಗಳು ಅಗಸಿ ಮಟ ಬಂದು ನಿಂತಿತ್ತು. ತಾಯಿ ಇಳಿಯೋದು ನೋಡಿ ಮೊದಲ ಚೀಲ ನೋಡಿತು.

ಮನಿಗೆ ಬಂದು ಮಗನಿಗೆ ಕೇಳಿದೆ, ತಿಂಗಳದ್ದು ಆಗವಲ್ಲದು ಅಂತ ನಿನಗ ಗೊತ್ತಿತ್ತೇನು ಅಂತ. ಗೊತ್ತಿತ್ತು ಅಂದ. ಹೆಂಗಸರದ್ದು ಅದು, ಏನೋ ಆಗಿರಬೇಕು ಅಂತ ಸುಮ್ಮನಿದ್ದೆ ಅಂದ. ಅಂವಗ ಬೈದೆ. ಬೈದು ಉಪಯೋಗ ಇರಲಿಲ್ಲ, ಅಂವಗ ಹಡೆದಾಕಿ ನಾನೇ.

ಮುಂದಿನ ಮಾತು ಒಂದೆರಡು ಹೇಳಿ ಬಿಡತೀನಿ. ಎಂಟು ಹತ್ತು ದಿನಕ್ಕ ರಿಪೋರ್ಟ್ ಬಂದವು, ಲಾತೂರದಾಗ ತಲಿದು ಸ್ಕ್ಯಾನ್ ಆಯ್ತು, ಡಾಕ್ಟರ್ ಬಾಯಿ ಹೇಳಿದ್ದೇ ಇತ್ತು. ಗುಳಿಗಿ ಶುರು ಮಾಡಿ ಒಂದು ತಿಂಗಳಿಗೆ ಸೊಸಿ ಅಂಗಳ ಪೂರಾ ಕಸಾ ಹೊಡದಳು. ಎರಡು ತಿಂಗಳಿಗೆ ಶಾಲು ತೆಗೆದು 
ಟ್ರಂಕಿನಾಗ ಇಟ್ಟಳು. ಆದರ ಸೋಯಾಬೀನ್ ಸಾಲು ಹಿಡಿದು ಮುಂದ ಹೋದ ಆ ಹುಡುಗಿ ತಿರುಗಿ ಬರಲಿಲ್ಲ, ಬರಂಗೂ ಇಲ್ಲ. ನನ್ನ ಕೂಡ ಬೇಕಾದಷ್ಟೇ ಮಾತಾಡತಾಳ. ಉಪ್ಪು ಮುಗದದ, ಹಾಲಿನಾಕಿ ಬಂದಾಳ, ಇಂಥವು. ನಾ ಮಾಫ್ ಮಾಡು ಅಂತ ಕೇಳಿಲ್ಲ. ಕೇಳಿದರ ಆಕಿ ಏನರೆ ಉತ್ತರ ಕೊಡಬೇಕಾಗತದ, ಆಕಿಗಿ ಆ ತ್ರಾಸ ಯಾಕ. ಗುಳಿಗಿ ವ್ಯಾಳ್ಯಾ ಆದರ ನೀರಿನ ತಂಬಿಗಿ ಇಡತೀನಿ. ಅದಕ್ಕ ಆಕಿ ಏನೂ ಅನ್ನಂಗಿಲ್ಲ.

ಇನ್ನ ಉದಗೀರದಿಂದ ಬಂದ ಮರುದಿನದ ಮಾತು. ಮುಂಜಾನಿ ಎದ್ದು ನಾನೇ ಕಸಾ ಹೊಡದು, ನೀರು ತುಂಬಿ, ಜಳಕ ಪೂಜಿ ಮುಗಿಸಿ, ಜೋಳ ಹಸನ ಮಾಡಿ ಡಬ್ಬಿ ತುಂಬಿದೆ. ಸೊಸಿ ಎದ್ದು ಮಂಚದ ಮ್ಯಾಲ ಕೂತಿದ್ದಳು, ಕೈಯಾಗ ಗುಳಿಗಿ ಚೀಟಿ ಇತ್ತು. ನಾ ಬಾಗಿಲದಾಗ ನಿಂತು ಕೇಳಿದೆ, "ಗಿರಣಿಗೆ ಹೊಂಟೀನಿ. ಅಲ್ಲಿ ನಿನ್ನ ಸುದ್ದಿ ಕೇಳತಾರ. ಇದ್ದದ್ದು ಹೇಳಲೇನು?" ಆಕಿ ವಿಷಯದಾಗ ಬಾಯಿ ತೆರೆಯೂಕಿಂತ ಮೊದಲ ಆಕಿಗಿ ಕೇಳಿದ್ದು ಅದೇ ಮೊದಲನೇ ಸಲ.

ಆಕಿ ಚೀಟಿ ಮಡಚಿದಳು. "ಹೇಳ್ರಿ. ನೀವು ಇಟ್ಟ ಹೆಸರು, ನೀವೇ ತೆಗೀರಿ" ಅಂದಳು.

ಡಬ್ಬಿ ತಲಿ ಮ್ಯಾಲ ಇಟ್ಟುಕೊಂಡು ಹೊಂಟೆ. ಸಾಲಿ ಕಂಪೌಂಡಿಗೆ ಬರೂದ್ರಾಗ ನನಗೂ ದಮ್ಮು ಹತ್ತಿತು. ಇಳಿಸಿ ಕೂಡಲಿಲ್ಲ. ಗಿರಣ್ಯಾಗ ಐದಾರು ಹೆಣ್ಣುಮಕ್ಕಳು ಇದ್ದರು, ಗಿರಣಿ ನಡಸೋ ಗಂಡಸು ಪಟ್ಟಾ ಬಿಗೀಲಾಕತ್ತಿದ್ದ. ಬಾಜು ಮನಿಯಾಕಿನೇ ಕೇಳಿದಳು, "ಮಾವಶಿ, ನೀವೇ ಹೊತ್ತುಕೊಂಡು ಬಂದೀರಿ, ಗೌಡತಿಗಿ ನಿಲಂಗಾದಾಗ ಇಳಿಸಿ ಬಂದಿರೇನು?"

ಡಬ್ಬಿ ಕೆಳಗಿಟ್ಟೆ. ಗಿರಣಿ ಇನ್ನೂ ಚಾಲೂ ಆಗಿರಲಿಲ್ಲ, ಎಲ್ಲರಿಗೂ ಕೇಳಬೇಕಂತಲೇ ಅದೇ ಹೊತ್ತಿಗೆ ಹೇಳಿದೆ. "ನನ್ನ ಸೊಸಿಗಿ ಏಳು ವರ್ಷ ಆಯ್ತು, ತಿಂಗಳದ್ದು ಆಗಿಲ್ಲ. ಹೆರಿಗ್ಯಾಗ ರಕ್ತ ಹೋಗಿ ತಲಿಯೊಳಗ ಗ್ರಂಥಿ ಸತ್ತದ. ಬರೋಬರ್ ಆಗತದ ಅಂತ ಡಾಕ್ಟರಗ ಹೇಳಿದಾಕಿ ನಾನೇ. ಗೌಡತಿ ಅಂತ ಹೆಸರು ಇಟ್ಟಾಕಿನೂ ನಾನೇ. ಇನ್ನ ಮ್ಯಾಲ ಆ ಹೆಸರು ಯಾರೂ ಅನಬ್ಯಾಡ್ರಿ."

ಗಂಡಸಿನ ಮುಂದ ಆ ಮಾತು ಆಡಿದ್ದಕ್ಕ ಒಬ್ಬಾಕಿ ಸೆರಗು ಬಾಯಿಗಿ ಹಚ್ಚಿಕೊಂಡಳು. ಗಿರಣಿಯಾಂವ ಪಟ್ಟಾ ಬಿಟ್ಟು ತಲಿ ಎತ್ತಲಿಲ್ಲ. ಬಾಜು ಮನಿಯಾಕಿ ನನ್ನ ಮುಖಾ ನೋಡಿದಳು, ಆಮ್ಯಾಲ ತನ್ನ ಡಬ್ಬಿ ಹಿಂದಕ್ಕ ಸರಸಿ ನನ್ನ ಡಬ್ಬಿ ಮುಂದ ಮಾಡಿದಳು. ಪಾಳಿ ಆಕಿದಿತ್ತು, ನಾ ಬ್ಯಾಡ ಅಂದೆ. ನನ್ನ ಪಾಳಿ ಬರೂ ತನಕ ನಿಂತೆ. ಹಿಟ್ಟು ಬಿಸಿ ಇತ್ತು. ತಲಿ ಮ್ಯಾಲ ಹೊತ್ತು ಮನಿಗೆ ಬಂದು ಒಲಿ ಹಚ್ಚಿದೆ.